ಮೂರು ಅಳತೆ, ಎರಡು ಗೇಣು

ಮಾರ್ಚ್ 4

ಅಪ್ಪನಿಗೆ ನಮಸ್ಕಾರ.

ಫೋನ್ ಮಾಡಿದರೆ "ಅಮ್ಮನ ಹತ್ರ ಮಾತಾಡು" ಎಂದು ಕೈ ಬದಲಾಯಿಸಿಬಿಡುತ್ತೀರಿ. ನಮ್ಮ ಹೊಲಿಗೆ ಅಂಗಡಿ ಬಿಟ್ಟು ಈ ಕೆಲಸಕ್ಕೆ ಬಂದು ಎರಡು ತಿಂಗಳಾಯಿತು, ನಿಮ್ಮ ಬಾಯಿಂದ ನಾನು ಕೇಳಿದ್ದು ಆ ಮೂರೇ ಮಾತು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದವನ್ನು ಅಮ್ಮನ ಕೈಗೆ ದಾಟಿಸುವ ಮೊದಲು ಮೇಲಿನ ವಿಳಾಸವನ್ನಾದರೂ ಓದಲೇಬೇಕಲ್ಲ.

ನಿಮಗೆ ಸಿಟ್ಟಿದೆ, ಗೊತ್ತು. ಕತ್ತರಿ ಹಿಡಿಯಲು ಬರುವವಳು ಕೀಲಿಮಣೆ ಕುಟ್ಟಲು ಹೋದಳು ಅಂತ. ಆದರೆ ಕೇಳಿ, ಕತ್ತರಿಯ ಕೆಲಸವೇ ನನ್ನನ್ನು ಹುಡುಕಿಕೊಂಡು ಇಲ್ಲಿಗೂ ಬಂದಿದೆ.

ನಾನಿರುವುದು ಬಸ್ ಸಂಸ್ಥೆಯ ಉಗ್ರಾಣ ವಿಭಾಗದಲ್ಲಿ. ವರ್ಷಕ್ಕೊಂದು ಸಲ ಡ್ರೈವರ್ ಕಂಡಕ್ಟರುಗಳಿಗೆ ಸಮವಸ್ತ್ರದ ಬಟ್ಟೆ ಕೊಡುವುದು ಇಲ್ಲಿಂದಲೇ. ತಲೆಗೆ ಮೂರು ಮೀಟರ್, ದಪ್ಪ ಇರಲಿ, ಸಣ್ಣ ಇರಲಿ. ಆ ಮೂರು ಮೀಟರ್ ಹಿಡಿದುಕೊಂಡು, ನಾವು ಆನೆ ಡ್ರೈವರ್ ಎನ್ನುವ ಆ ದಪ್ಪ ಮನುಷ್ಯ ಪ್ರತಿ ವರ್ಷ ನಮ್ಮ ಅಂಗಡಿಗೆ ಬರುತ್ತಿದ್ದದ್ದು, ನೀವು ಅದನ್ನು ಹಿಂದೆ ಮುಂದೆ ತಿರುಗಿಸಿ "ಇದರಲ್ಲಿ ನಿನಗೆ ಒಂದು ಕಾಲಿನ ಪ್ಯಾಂಟ್ ಹೊಲೀಲಾ?" ಎನ್ನುತ್ತಿದ್ದದ್ದು ನೆನಪಿದೆಯಾ? ಕೊನೆಗೆ ಜೇಬಿನ ಒಳಗೆ, ಸೊಂಟಪಟ್ಟಿಯ ಒಳಗೆ ಬೇರೆ ತುಂಡು ಸೇರಿಸಿ ಮಾನ ಉಳಿಸುತ್ತಿದ್ದಿರಿ.

ಈ ವರ್ಷ ನಮ್ಮ ಸ್ಟೋರ್ ಸಾಹೇಬರು ಆ ಪದ್ಧತಿ ಬದಲಾಯಿಸೋಣ ಎಂದಿದ್ದಾರೆ. ಅವರವರ ಮೈ ಅಳತೆಗೆ ಎಷ್ಟು ಬೇಕೋ ಅಷ್ಟು ಬಟ್ಟೆ. ಒಬ್ಬೊಬ್ಬರಿಗೂ ಒಂದು ಪತ್ರ ಹೋಗಬೇಕು, ಅದರಲ್ಲಿ ಅವರ ಮೀಟರ್ ಬರೆದಿರಬೇಕು, ಆ ಪತ್ರ ತೋರಿಸಿದರೆ ಡಿಪೋದಲ್ಲಿ ಅಷ್ಟೇ ಕತ್ತರಿಸಿ ಕೊಡುತ್ತಾರೆ. ಒಂಬೈನೂರ ಹನ್ನೆರಡು ಪತ್ರ. ಮಾಡುವವಳು ನಾನು, ಲೆಕ್ಕವನ್ನು ಕಂಪ್ಯೂಟರ್ ತಾನೇ ಹಾಕುತ್ತದೆ. ಕೇಳಿ ಪಡೆದುಕೊಂಡೆ, ಯಾರೂ ಕೊಡಲಿಲ್ಲ.

ಸಾಹೇಬರು ಒಂದು ಮಾತು ಖಡಾಖಂಡಿತ ಹೇಳಿದ್ದಾರೆ. "ಒಂದೇ ಒಂದು ಡಿಪೋದಿಂದ ಬಟ್ಟೆ ಸಾಲ್ಲಿಲ್ಲ ಅಂತ ದೂರು ಬಂದ್ರೂ ಮುಂದಿನ ವರ್ಷ ಮತ್ತೆ ಮೂರು ಮೀಟರೇ." ಹಾಗಾದರೆ ಆನೆ ಡ್ರೈವರ್ ನಿವೃತ್ತಿಯಾಗುವ ತನಕ ತೇಪೆ ಪ್ಯಾಂಟಿನಲ್ಲೇ ಬಸ್ಸು ಓಡಿಸಬೇಕು.

ನೀವು ನನಗೆ ಬಟ್ಟೆ ಅಂದಾಜು ಮಾಡುವುದನ್ನು ಬಾಯಲ್ಲಿ ಹೇಳಿಕೊಟ್ಟಿದ್ದೀರಿ, ಕೈಯಲ್ಲಿ ಮಾಡಿಸಿದ್ದೀರಿ, ಬರೆದು ಕೊಟ್ಟಿಲ್ಲ. ಈಗ ಬರೆದು ಕೊಡಿ. ಐವತ್ತೆಂಟು ಇಂಚು ಅಗಲ ಪನ್ನದ ಬಟ್ಟೆ, ತುಂಬುತೋಳಿನ ಶರ್ಟು, ಒಂದು ಪ್ಯಾಂಟು. ನನಗೆ ನಿಮ್ಮ ಲೆಕ್ಕವೇ ಬೇಕು. ಇಲ್ಲಿ ಯಾವುದೋ ಪುಸ್ತಕದಿಂದ ತೆಗೆದ ಲೆಕ್ಕ ಕೊಟ್ಟರು, ನಂಬಿಕೆ ಬರಲಿಲ್ಲ.

ನಿಮ್ಮ ಮಗಳು,
ಸೂಜಿ


ಮಾರ್ಚ್ 9

ಸೂಜಿಗೆ ಆಶೀರ್ವಾದ.

ಕಾಗದ ತಲುಪಿತು. ಸಿಟ್ಟು ಗಿಟ್ಟು ಏನೂ ಇಲ್ಲ. ಮಾರ್ಚ್ ತಿಂಗಳು, ಕೈತುಂಬ ಕೆಲಸ, ಫೋನಿನಲ್ಲಿ ಹರಟೆ ಹೊಡೆಯಲು ನನಗೆ ಪುರುಸೊತ್ತಿಲ್ಲ.

ಶರ್ಟಿನ ಉದ್ದ, ತೋಳಿನ ಉದ್ದ, ಪ್ಯಾಂಟಿನ ಉದ್ದ. ಈ ಮೂರನ್ನೂ ಕೂಡಿಸು. ಅದರ ಮೇಲೆ ಎರಡು ಗೇಣು, ಕಾಲರು, ಪಟ್ಟಿ, ಮಡಿಕೆ ಎಲ್ಲ ಅದರಲ್ಲೇ ಆಗಬೇಕು. ಸೊಂಟ ನಲವತ್ತೆರಡು ಇಂಚು ದಾಟಿದವರಿಗೆ ಇನ್ನೊಂದು ಗೇಣು. ಬಂದದ್ದನ್ನು ಮುಂದಿನ ಕಾಲು ಮೀಟರಿಗೆ ಏರಿಸಿ ಕೊಡುವುದು, ಇಳಿಸಿ ಕೊಡಬಾರದು. ಇಷ್ಟೇ. ಮೂವತ್ತನಾಲ್ಕು ವರ್ಷದಿಂದ ನಾನು ಇದನ್ನು ಬಿಟ್ಟು ಬೇರೆ ಲೆಕ್ಕ ಹಾಕಿಲ್ಲ, ಬಟ್ಟೆ ಸಾಲದೆ ಯಾರನ್ನೂ ಅಂಗಡಿಯಿಂದ ವಾಪಸು ಕಳಿಸಿಲ್ಲ.

ಯಂತ್ರ ಒಂಬೈನೂರು ಜನರ ಅಳತೆ ತಾನೇ ಹಾಕುತ್ತದೆ ಎನ್ನುತ್ತೀಯಲ್ಲ, ಅದಕ್ಕೆ ಹೊಟ್ಟೆ ಕಾಣುತ್ತದಾ? ಕಾಣುವುದಿಲ್ಲ. ಹುಷಾರು.

ಅಪ್ಪ

ಮಗಳೇ, ಇದು ಅಮ್ಮ. ಲಕೋಟೆ ಅಂಟಿಸೋಕೆ ನನ್ನ ಕೈಗೆ ಕೊಟ್ಟರು, ಜಾಗ ಇತ್ತು, ಬರೆದೆ. ಈ ಮನುಷ್ಯನಿಗೆ ಪುರುಸೊತ್ತಿಲ್ಲವಂತೆ. ನಾಲ್ಕು ಸಾಲು ಬರೆಯಲು ಮೂರು ದಿನ, ಎರಡು ಹಾಳೆ ಹರಿದು ಹಾಕಿದರು. ನಿನ್ನ ಎತ್ತರಕ್ಕೆ ಅಂತ ಮಾಡಿಸಿದ ಮೇಜಿನ ಮೇಲೆ ಈಗ ಇಸ್ತ್ರಿ ಬಟ್ಟೆ ಒಟ್ಟಿದ್ದಾರೆ, ಆದರೆ ಬೇರೆ ಯಾರನ್ನೂ ಅಲ್ಲಿ ನಿಲ್ಲಿಸುತ್ತಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು.


ಮಾರ್ಚ್ 20

ಅಪ್ಪನಿಗೆ ನಮಸ್ಕಾರ.

ಆಯಿತು. ಮಾಡಿದೆ. ಹೊಗಳಿಕೊಳ್ಳುತ್ತಿದ್ದಾಳೆ ಅಂದುಕೊಂಡರೂ ಪರವಾಗಿಲ್ಲ, ಇವತ್ತು ಹೊಗಳಿಕೊಳ್ಳುವವಳೇ.

ಇದಕ್ಕೆ ಮೇಲ್ ಮರ್ಜ್ ಎನ್ನುತ್ತಾರೆ. ಪತ್ರ ಒಂದೇ ಬರೆಯುವುದು. ಹೆಸರು ಬರಬೇಕಾದಲ್ಲಿ, ಅಳತೆ ಬರಬೇಕಾದಲ್ಲಿ ಖಾಲಿ ಜಾಗ ಬಿಡುವುದು. ಪಕ್ಕದಲ್ಲಿ ಎಲ್ಲರ ಪಟ್ಟಿ ಇರುತ್ತದೆ. ಯಂತ್ರ ಪಟ್ಟಿಯ ಒಂದೊಂದು ಸಾಲನ್ನೂ ತಂದು ಪತ್ರಕ್ಕೆ ತುಂಬಿ ಒಂಬೈನೂರ ಹನ್ನೆರಡು ಪತ್ರ ಮಾಡುತ್ತದೆ. ಇಷ್ಟನ್ನು ಯಾರು ಬೇಕಾದರೂ ಮಾಡುತ್ತಾರೆ. ಕಷ್ಟ ಇದ್ದದ್ದು ಲೆಕ್ಕದಲ್ಲಿ. ಪಟ್ಟಿ ಸಿಬ್ಬಂದಿ ವಿಭಾಗದವರದು, ನಾವು ಓದಬಹುದು ಅಷ್ಟೇ, ಕೈ ಹಾಕುವ ಹಾಗಿಲ್ಲ. ಆದ್ದರಿಂದ ಕೂಡುವುದು, ಏರಿಸುವುದು ಎಲ್ಲವೂ ಪತ್ರದ ಒಳಗೇ ನಡೆಯಬೇಕು. "ಪತ್ರ ಲೆಕ್ಕ ಮಾಡತ್ತಾ? ಪತ್ರ ಓದೋಕಿರೋದು" ಎಂದು ಸಾಹೇಬರು ನಕ್ಕರು.

ಮಾಡುತ್ತದೆ ಅಪ್ಪ. ಬಳುಕಿನ ಬ್ರಾಕೆಟ್ ಹಾಕಿ, ಒಳಗೆ ಸಮ ಚಿಹ್ನೆ ಬರೆದು, ಯಾವುದಕ್ಕೆ ಯಾವುದು ಕೂಡಬೇಕು ಎಂದು ಬರೆದರೆ ಮಾಡುತ್ತದೆ. ನಾನು ಮೊದಲ ದಿನ ಪೂರ್ತಿ ಆ ಬ್ರಾಕೆಟನ್ನು ಕೀಲಿಮಣೆಯಲ್ಲಿ ಒತ್ತಿ ಒತ್ತಿ ಬರೆದೆ. ಪತ್ರದಲ್ಲಿ ಬ್ರಾಕೆಟ್ ಹಾಗೇ ಅಚ್ಚಾಯಿತು, ಲೆಕ್ಕ ಆಗಲಿಲ್ಲ. ಪಕ್ಕದ ಮೇಜಿನ ಟೈಪಿಸ್ಟ್ ಅಕ್ಕ ಸಂಜೆವರೆಗೂ ನೋಡಿ ನೋಡಿ ಕೊನೆಗೆ ಎದ್ದು ಬಂದರು. "ಏಯ್, ಅದನ್ನ ಬರೀಬಾರದು ಕಣೆ, ಹುಟ್ಟಿಸಬೇಕು" ಎಂದು ಕಂಟ್ರೋಲ್ ಜೊತೆಗೆ ಎಫ್ ಒಂಬತ್ತು ಒತ್ತಿದರು. ನಾನು ಬರೆದದ್ದರ ಥರಾನೇ ಇರುವ ಬ್ರಾಕೆಟ್ ಬಂತು, ಕೂದಲೆಳೆ ವ್ಯತ್ಯಾಸವಿಲ್ಲ, ಅದು ಮಾತ್ರ ಕೆಲಸ ಮಾಡಿತು. ಬೆಳಿಗ್ಗೆಯೇ ಯಾಕೆ ಹೇಳಲಿಲ್ಲ ಎಂದರೆ "ನೀನು ಕೇಳಲಿಲ್ಲವಲ್ಲ" ಎಂದರು. ನಿಮ್ಮ ಥರದವರೇ, ಕೇಳದೆ ಬಾಯಿ ಬಿಡುವುದಿಲ್ಲ.

ಆಮೇಲೆ ಬಾಲ. ಪಟ್ಟಿಯಲ್ಲಿ ನೆಟ್ಟಗೆ 73 ಎಂದು ಕಾಣುವ ಅಳತೆ ಪತ್ರಕ್ಕೆ ಬಂದರೆ 73ರ ಹಿಂದೆ ಚುಕ್ಕಿ, ಚುಕ್ಕಿಯ ಹಿಂದೆ ಹದಿಮೂರು ಸೊನ್ನೆ, ಕೊನೆಯಲ್ಲೊಂದು ಒಂದು. ಅದನ್ನು ಕತ್ತರಿಸಲು ಬೇರೆ ಗುರುತಿದೆ, ಹುಡುಕಿ ಕಲಿತೆ. ದೊಡ್ಡ ತಲೆನೋವು ಕಾಲು ಮೀಟರಿನದು. ಯಂತ್ರಕ್ಕೆ ಬಿಟ್ಟರೆ ಹತ್ತಿರದ ಕಾಲು ಮೀಟರಿಗೆ ತಂದು ನಿಲ್ಲಿಸುತ್ತದೆ, ಇನ್ನೂರ ಅರವತ್ತು ಸೆಂಟಿಮೀಟರ್ ಬಂದರೆ ಇನ್ನೂರ ಐವತ್ತಕ್ಕೆ ಇಳಿಸಿ ಕೈತೊಳೆದುಕೊಳ್ಳುತ್ತದೆ. ಬಟ್ಟೆಯನ್ನು ಇಳಿಸಬಾರದು ಎಂದು ಅದಕ್ಕೆ ತಿಳಿಸಿ ಹೇಳುವುದು ಹೇಗೆ? ಎರಡು ದಿನ ತಲೆ ಕೆರೆದುಕೊಂಡೆ. ಬಂದ ಮೊತ್ತಕ್ಕೆ ಮೊದಲು ಇಪ್ಪತ್ತನಾಲ್ಕು ಕೂಡಿಸು, ಇಪ್ಪತ್ತೈದರಿಂದ ಭಾಗಿಸು, ಚೂರು ಉಳಿದರೆ ಬಿಸಾಕು, ಮತ್ತೆ ಇಪ್ಪತ್ತೈದರಿಂದ ಗುಣಿಸು. ಈಗ ಅದು ಯಾವತ್ತೂ ಇಳಿಯುವುದಿಲ್ಲ. ನೀವೇ ಕೈಯಲ್ಲಿ ಹಾಕಿ ನೋಡಿ. ಮತ್ತೆ ಹೊಟ್ಟೆ ಕಾಣುವುದಿಲ್ಲ ಅಂದಿರಲ್ಲ, ಸೊಂಟ ನಲವತ್ತೆರಡು ದಾಟಿದರೆ ಇನ್ನೊಂದು ಗೇಣು ಸೇರಿಸು ಎಂದೂ ಬರೆದಿದ್ದೇನೆ. ಹೊಟ್ಟೆ ಕಾಣುತ್ತದೆ.

ಪರೀಕ್ಷೆಗೆಂದು ನಿಮ್ಮ ಅಳತೆಯನ್ನೇ ಹಾಕಿ ಒಂದು ಪತ್ರ ತೆಗೆದೆ. ಇದರ ಜೊತೆ ಇಟ್ಟಿದ್ದೇನೆ. ಶರ್ಟು 73, ತೋಳು 59, ಪ್ಯಾಂಟು 101, ನನ್ನ ಮನಸ್ಸಿನಲ್ಲೇ ಇದ್ದವು. ಇಟ್ಟುಕೊಳ್ಳಿ. ನಿಮ್ಮ ಲೆಕ್ಕ, ನನ್ನ ಪತ್ರ.

ನಿಮ್ಮ ಮಗಳು,
ಸೂಜಿ


ಮಾರ್ಚ್ 26

ಸೂಜಿಗೆ ಆಶೀರ್ವಾದ.

ನೀನು ಕಳಿಸಿದ ಪತ್ರ ನೋಡಿದೆ. "ಮಾನ್ಯರೇ" ಎಂದು ಶುರುವಾಗಿದೆ. ನೀನು ನನ್ನನ್ನು ಮಾನ್ಯರೇ ಎಂದು ಕರೆದದ್ದು ಹುಟ್ಟಿದಾಗಿನಿಂದ ಇದೇ ಮೊದಲು. ಅಕ್ಷರ ಚೆನ್ನಾಗಿದೆ, ಅಂಚು ನೇರವಾಗಿದೆ. ಇಪ್ಪತ್ತನಾಲ್ಕು ಕೂಡಿಸಿ ಭಾಗಿಸುವ ಉಪಾಯವನ್ನು ಕಾಗದದ ಮೇಲೆ ಹಾಕಿ ನೋಡಿದೆ. ಹತ್ತು ಸಲ ಹಾಕಿದೆ. ಸರಿಯಾಗಿದೆ. ನನಗೆ ಇದು ಹೊಳೆಯುತ್ತಿರಲಿಲ್ಲ.

ಆದರೆ ಪತ್ರದಲ್ಲಿ ನನಗೆ ಎರಡು ಮುಕ್ಕಾಲು ಮೀಟರ್ ಎಂದಿದೆ. ನನ್ನ ಮೈಗೆ ಮೂರು ಬೇಕು. ಮೊದಲು ನಾನೇ ತಪ್ಪಿದೆನೇನೋ ಅಂದುಕೊಂಡೆ. ನಿನ್ನೆ ಮಧ್ಯಾಹ್ನ ಅಂಗಡಿ ಅರ್ಧ ಬಾಗಿಲು ಹಾಕಿ, ಕಾಗದದಲ್ಲಿ ನನ್ನ ಶರ್ಟು ಪ್ಯಾಂಟು ಕತ್ತರಿಸಿ, ಎರಡು ಮುಕ್ಕಾಲು ಮೀಟರಿನ ಮೇಲೆ ಇಟ್ಟು ನೋಡಿದೆ. ನಿನ್ನ ತಾಯಿ ಆ ತುದಿ ಹಿಡಿದಿದ್ದಳು. ಹೇಗೆ ತಿರುಗಿಸಿದರೂ ನಾಲ್ಕು ಸೆಂಟಿಮೀಟರ್ ಸಾಲುವುದಿಲ್ಲ. ಒಂದು ತೋಳಿನ ಪಟ್ಟಿ ಹೊರಗೆ ಬೀಳುತ್ತದೆ.

ಯಂತ್ರ ತಪ್ಪಿತೋ, ನೀನು ತಪ್ಪಿದೆಯೋ ನನಗೆ ತಿಳಿಯದು. ನನ್ನ ಲೆಕ್ಕ ತಪ್ಪಿಲ್ಲ. ಪರೀಕ್ಷೆಯ ಪತ್ರ ಎಂದಿದ್ದೀಯ, ಒಳ್ಳೆಯದಾಯಿತು. ಹೊರಗೆ ಹೋಗುವ ಮೊದಲು ಇನ್ನೊಮ್ಮೆ ನೋಡು.

ಅಪ್ಪ


ಏಪ್ರಿಲ್ 2

ಅಪ್ಪನಿಗೆ ನಮಸ್ಕಾರ.

ಮೊನ್ನೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ ಇಟ್ಟುಬಿಟ್ಟೆ. ಹೆದರಿಸಿದೆನೇನೋ. "ನಿಮ್ಮ ಗೇಣು ಎಷ್ಟು?" ಎಂದೆ, ನೀವು "ಒಂಬತ್ತು ಇಂಚು, ಒಂದು ನೂಲೂ ಹೆಚ್ಚುಕಮ್ಮಿ ಇಲ್ಲ" ಎಂದಿರಿ. ಅಷ್ಟೇ ಬೇಕಾಗಿತ್ತು ನನಗೆ.

ನಾನು ಪತ್ರದಲ್ಲಿ ಗೇಣಿಗೆ ಹದಿನೇಳು ಸೆಂಟಿಮೀಟರ್ ಎಂದು ಹಾಕಿದ್ದೆ. ಮೇಜಿನ ಮೇಲೆ ನನ್ನ ಕೈ ಚಾಚಿ, ಸ್ಕೇಲ್ ಇಟ್ಟು, ನೋಡಿಯೇ ಹಾಕಿದ್ದೆ. ನಿಮ್ಮ ಒಂಬತ್ತು ಇಂಚು ಎಂದರೆ ಇಪ್ಪತ್ತಮೂರು. ನಿಮ್ಮ ಕಾಗದ ಓದಿ ಅಲ್ಲೇ ಕಚೇರಿಯ ಮೇಜಿನ ಮೇಲೆ ಸುಮ್ಮನೆ ಬಟ್ಟೆ ಅಳೆಯುವವಳ ಹಾಗೆ ಕೈ ಇಟ್ಟೆ. ಗೇಣು ಇಟ್ಟ ಮೇಲೆ ಎಡಗೈಯ ನಾಲ್ಕು ಬೆರಳು ತಾವಾಗಿಯೇ ಪಕ್ಕದಲ್ಲಿ ಬಂದು ಕೂತವು. ಆಗ ಗೊತ್ತಾಯಿತು. ನನಗೆ ಒಂಬತ್ತು ವರ್ಷ ಇದ್ದಾಗ ನೀವು "ನಿನ್ ಕೈ ಚಿಕ್ಕದು, ಗೇಣು ಇಟ್ಟು ಮೇಲೆ ನಾಲ್ಕು ಬೆರಳು ಇಡು" ಎಂದಿದ್ದಿರಿ. ಅವತ್ತಿನಿಂದ ಇಡುತ್ತಲೇ ಇದ್ದೇನೆ. ಅಂಗಡಿಯಲ್ಲಿ ನನ್ನಿಂದ ಒಂದು ಬಟ್ಟೆಯೂ ಕೆಟ್ಟಿಲ್ಲ. ಕೈಗೆ ಗೊತ್ತಿತ್ತು, ಬರೆಯುವಾಗ ತಲೆಗೆ ಬರಲಿಲ್ಲ.

ಇನ್ನೊಂದು ವಿಷಯ ಹೇಳಬೇಕು. ನಿಮ್ಮ ಕಾಗದ ನನ್ನ ಕೈಗೆ ಬರುವ ಹಿಂದಿನ ದಿನವೇ ಒಂಬೈನೂರ ಹನ್ನೆರಡು ಪತ್ರಗಳೂ ಡಿಪೋಗಳಿಗೆ ಹೊರಟುಹೋಗಿದ್ದವು. ಸಾಹೇಬರು ಅವಸರ ಮಾಡಿದರು, ನಾನೂ ಬೀಗುತ್ತಿದ್ದೆ, ನಿಮ್ಮ ಉತ್ತರಕ್ಕೆ ಕಾಯಲಿಲ್ಲ. ಬಟ್ಟೆ ಕೊಡಲು ನಾಲ್ಕು ದಿನ ಬಾಕಿ.

ಟೈಪಿಸ್ಟ್ ಅಕ್ಕನ ಜೊತೆ ಕೂತು ಎಷ್ಟು ಜನಕ್ಕೆ ಕಡಿಮೆ ಬಿದ್ದಿದೆ ಎಂದು ಎಣಿಸಿದೆ. ಕಾಲು ಮೀಟರಿಗೆ ಏರಿಸಿದ್ದರಿಂದ ಅರ್ಧದಷ್ಟು ಜನ ಬಚಾವಾಗಿದ್ದರು. ಉಳಿದವರು ನಾನೂರ ಅರವತ್ತೊಂದು. "ಎದೆ ಗಟ್ಟಿ ಮಾಡ್ಕೊಂಡು ಹೋಗು, ನಾಳೆ ಅಂದ್ರೆ ಕೆಟ್ಟೆ" ಎಂದರು ಅಕ್ಕ. ಸಾಹೇಬರ ಮುಂದೆ ಹೋಗಿ ನಿಂತೆ.

"ಎಷ್ಟು ಕಮ್ಮಿ?" ಎಂದರು.

"ಕೆಲವರಿಗೆ ಒಂದು ಸೆಂಟಿಮೀಟರ್, ಕೆಲವರಿಗೆ ಹನ್ನೆರಡು. ದಪ್ಪ ಇರೋರಿಗೆ ಹದಿನೆಂಟರ ತನಕ."

"ಟೈಲರ್‌ಗಳು ಹೇಗೋ ಹೊಂದಿಸ್ಕೋತಾರೆ ಬಿಡು. ದೂರು ಬಂದ್ರೆ ನೋಡೋಣ."

"ಹೊಂದಿಸ್ಕೋತಾರೆ ಸಾರ್. ಇಪ್ಪತ್ತು ವರ್ಷದಿಂದ ಹೊಂದಿಸ್ಕೊಂಡೇ ಬಂದಿದಾರೆ. ಆ ಟೈಲರ್‌ಗಳಲ್ಲಿ ಒಬ್ರು ನಮ್ಮಪ್ಪ."

ಅವರು ಪೆನ್ನು ಕೆಳಗಿಟ್ಟರು. "ಮತ್ತೆ ಎಲ್ಲಾ ಬರೀಬೇಕಾದ್ರೆ ಎಷ್ಟು ದಿನ?" ಎಂದರು. ನಾನು ಮಧ್ಯಾಹ್ನದೊಳಗೆ ಎಂದೆ. ನಂಬಲಿಲ್ಲ. ಎದ್ದು ಬಂದು ನನ್ನ ಕುರ್ಚಿಯ ಹಿಂದೆ ನಿಂತರು. ಒಂದು ಪತ್ರದಲ್ಲಿ, ಒಂದು ಜಾಗದಲ್ಲಿ, ಹದಿನೇಳು ಅಳಿಸಿ ಇಪ್ಪತ್ತಮೂರು ಬರೆದೆ. ಎಲ್ಲವನ್ನೂ ಆರಿಸಿ ಎಫ್ ಒಂಬತ್ತು ಒತ್ತಿದೆ. ಅದನ್ನು ಒತ್ತದಿದ್ದರೆ ಹಳೆಯ ಉತ್ತರವೇ ಕೂತಿರುತ್ತದೆ, ಏನೂ ಆಗಿಲ್ಲವೆಂಬಂತೆ. ಒಂದೊಂದೇ ಪತ್ರ ತಿರುಗಿಸುತ್ತಾ ಹೋದೆ, ಎರಡು ಮುಕ್ಕಾಲು ಮೂರಾಯಿತು, ಮೂರು ಮೂರೂಕಾಲಾಯಿತು. ಸಾಹೇಬರು ಬಾಯಿ ಬಿಟ್ಟುಕೊಂಡು ನೋಡಿದರು.

ಪತ್ರದ ಕೊನೆಗೆ ಒಂದು ಸಾಲು ಸೇರಿಸಿದೆ. "ಹಿಂದಿನ ಪತ್ರದಲ್ಲಿದ್ದ ಅಳತೆ ತಪ್ಪಾಗಿತ್ತು, ತಪ್ಪು ಈ ಕಚೇರಿಯದು." ಸಾಹೇಬರು ಅದನ್ನು ತೆಗೆ ಎಂದರು. "ಪರಿಷ್ಕೃತ ಅಂತ ಹಾಕಿದ್ರೆ ಸಾಕಲ್ವಾ?" ಎಂದರು. ಸಾಲದು ಎಂದೆ. ಹಾಗೆ ಹಾಕಿದರೆ ಎರಡು ಪತ್ರ ಕೈಯಲ್ಲಿರುವವನಿಗೆ ಯಾವುದನ್ನು ನಂಬಬೇಕು ಎಂದು ತಿಳಿಯುವುದಿಲ್ಲ. ಗೊಣಗಿಕೊಂಡೇ ಸಹಿ ಹಾಕಿದರು. ಸಂಜೆ ಬಸ್ಸುಗಳಲ್ಲಿ ಕಟ್ಟುಗಳು ಹೊರಟವು. ಪ್ರತಿ ಡಿಪೋಗೂ ಫೋನ್ ಮಾಡಿ ಹಳೆಯ ಪತ್ರ ಹರಿದುಹಾಕಿ ಎಂದು ನಾನೇ ಹೇಳಿದೆ. ನನ್ನ ಕೆಲಸ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಪತ್ರ ಸರಿಯಾಗಿದೆ, ಅಷ್ಟು ಗೊತ್ತು.

ನಿಮ್ಮ ಲೆಕ್ಕಕ್ಕೆ ಮಸಿ ಬಳಿದೆ ಎಂದು ಬೇಜಾರಿದ್ದರೆ ಬೈದು ಒಂದು ಕಾಗದ ಹಾಕಿ. ಉತ್ತರವೇ ಬರೆಯದೆ ಮಾತ್ರ ಇರಬೇಡಿ.

ನಿಮ್ಮ ಮಗಳು,
ಸೂಜಿ


ಏಪ್ರಿಲ್ 6

ಮಗಳೇ,

ಅಮ್ಮ ಬರೆಯುತ್ತಿದ್ದೇನೆ. ಅವರು ಕಾಗದ ಓದಿ ಮಡಿಚಿ ಜೇಬಿಗೆ ಹಾಕಿಕೊಂಡರು. ಆಮೇಲೆ ಹೊಲಿಗೆ ಯಂತ್ರದ ಮುಂದೆ ಕೂತು, "ನಾಲ್ಕು ಬೆರಳು ಇಡು ಅಂದೋನು ನಾನೇ, ಬರೆಯುವಾಗ ಮರೆತೋನೂ ನಾನೇ" ಎಂದು ಹೇಳಿಕೊಂಡರು. ನನ್ನ ಹತ್ರ ಹೇಳಿದ್ದಲ್ಲ, ಯಂತ್ರದ ಹತ್ರ ಹೇಳಿದ್ದು. ಬೈಗುಳದ ಕಾಗದಕ್ಕೆ ಕಾಯಬೇಡ, ಬರುವುದಿಲ್ಲ. ಅವರು ಬರೆಯಬೇಕು ಅಂದುಕೊಂಡಿರುವುದು ಬೇರೆ ಏನೋ, ಅದಕ್ಕೇ ತಡ. ಡಿಪೋದಲ್ಲಿ ಬಟ್ಟೆ ಕೊಟ್ಟರಂತೆ, ಇನ್ನೂ ಯಾರೂ ಅಂಗಡಿಗೆ ಬಂದಿಲ್ಲ. ದಿನಾ ಬಾಗಿಲ ಕಡೆ ನೋಡುತ್ತಾ ಕೂತಿದ್ದಾರೆ.

ನಿನ್ನ ಅಮ್ಮ


ಏಪ್ರಿಲ್ 29

ಸೂಜಿಗೆ ಅಪ್ಪನ ಆಶೀರ್ವಾದ.

ಇಷ್ಟು ದಿನ ಬರೆಯಲಿಲ್ಲ. ಬಟ್ಟೆ ಎಲ್ಲ ಕತ್ತರಿಸಿ ನೋಡದೆ ಬಾಯಿ ಬಿಡಬಾರದು ಎಂದಿದ್ದೆ. ಈಗ ನೋಡಿದೆ, ಅದಕ್ಕೆ ಬರೆಯುತ್ತಿದ್ದೇನೆ.

ಈ ಡಿಪೋದಿಂದ ನನ್ನ ಅಂಗಡಿಗೆ ಐವತ್ತೆಂಟು ಜನ ಬಂದರು. ಒಬ್ಬನಿಗೂ ಕಡಿಮೆ ಬೀಳಲಿಲ್ಲ. ಆನೆ ಡ್ರೈವರಿನ ಪ್ಯಾಂಟು ಮೊನ್ನೆ ಕೊಟ್ಟೆ. ಹಾಕಿಕೊಂಡು ಕನ್ನಡಿಯ ಮುಂದೆ ಕೂತು, ಎದ್ದು, ಮತ್ತೆ ಕೂತು ನೋಡಿದ. ಹನ್ನೊಂದು ವರ್ಷದಲ್ಲಿ ಒಳಗೆ ಬೇರೆ ಬಣ್ಣದ ತುಂಡು ಇಲ್ಲದ ಪ್ಯಾಂಟು ಅವನಿಗೆ ನಾನು ಹೊಲಿದದ್ದು ಇದೇ ಮೊದಲು. ಬೇರೆ ಟೈಲರ್‌ಗಳನ್ನೂ ವಿಚಾರಿಸಿದೆ. ಅವರಲ್ಲೂ ದೂರಿಲ್ಲ. ಮುಂದಿನ ವರ್ಷವೂ ಹೀಗೇ ಎಂದು ಡಿಪೋದಲ್ಲಿ ನೋಟೀಸ್ ಅಂಟಿಸಿದ್ದಾರಂತೆ, ನಿನಗೆ ಅದು ಮೊದಲೇ ಗೊತ್ತಿರಬೇಕು.

ಬಂದವರ ಕೈಯಲ್ಲೆಲ್ಲ ನಿನ್ನ ಪತ್ರ. ತಪ್ಪು ಈ ಕಚೇರಿಯದು ಎಂಬ ಸಾಲನ್ನು ಒಬ್ಬ ಕಂಡಕ್ಟರ್ ಇಲ್ಲೇ ನಿಂತು ಗಟ್ಟಿಯಾಗಿ ಓದಿದ. "ಕಚೇರಿಯವರು ತಪ್ಪು ಒಪ್ಪಿಕೊಂಡಿದ್ದು ನಾನು ಕಂಡೇ ಇಲ್ಲ, ಯಾವ ಪುಣ್ಯಾತ್ಮ ಬರೆದದ್ದು?" ಎಂದ. ನನ್ನ ಮಗಳು ಎಂದೆ. ಅವನು ನಂಬದೆ ನಿನ್ನ ತಾಯಿಯ ಮುಖ ನೋಡಿದ. ಅವಳು ಗುಂಡಿ ಹೊಲಿಯುತ್ತಾ ತಲೆ ಎತ್ತದೆ "ಹೌದಪ್ಪ, ನಮ್ಮವಳೇ" ಎಂದಳು. ಅವತ್ತು ನನಗೆ ಹೆಮ್ಮೆಯಾಯಿತು. ಇದನ್ನು ಬರೆಯುವುದು ಕಷ್ಟ ಎಂದುಕೊಂಡು ಮೂರು ವಾರ ಮುಂದೂಡಿದೆ, ಬರೆದು ನೋಡಿದರೆ ಅಷ್ಟೇನೂ ಕಷ್ಟವಿಲ್ಲ.

ನಾನು ಕತ್ತರಿಸಿದ ಬಟ್ಟೆಯಲ್ಲಿ ತಪ್ಪಾದರೆ ಮುಗಿಯಿತು, ಮತ್ತೆ ಕೂಡುವುದಿಲ್ಲ. ಅದಕ್ಕೇ ನಾನು ಜೀವಮಾನವಿಡೀ ತಪ್ಪಿಗೆ ಹೆದರಿಕೊಂಡೇ ಇದ್ದೆ, ಒಪ್ಪಿಕೊಳ್ಳುವುದನ್ನು ಕಲಿಯಲಿಲ್ಲ. ನೀನು ಕಲಿತೆ. ಯಾರು ಹೇಳಿಕೊಟ್ಟರೋ, ನಾನಂತೂ ಅಲ್ಲ.

ಇನ್ನೊಂದು ಹೇಳಿ ಮುಗಿಸುತ್ತೇನೆ. ಯಾರು ಬಟ್ಟೆ ತಂದರೂ ನಾನೇ ಒಮ್ಮೆ ಅಳೆಯದೆ ಕತ್ತರಿ ಎತ್ತುವವನಲ್ಲ. ನನಗೆ ಕೆಲಸ ಕಲಿಸಿದ ಗುರುಗಳು ಅಳೆದುಕೊಟ್ಟ ಬಟ್ಟೆಯನ್ನೂ ಅವರ ಎದುರೇ ಮತ್ತೆ ಅಳೆದು ಬೈಸಿಕೊಂಡವನು. ನಿನ್ನೆ ಹೊಸದಾಗಿ ಕೆಲಸಕ್ಕೆ ಸೇರಿದ ಒಬ್ಬಳು ಕಂಡಕ್ಟರ್ ಬಂದಳು, ಐವತ್ತೆಂಟನೆಯವಳು. ಬಟ್ಟೆ, ಪತ್ರ ಎರಡನ್ನೂ ಮೇಜಿನ ಮೇಲಿಟ್ಟಳು. ಪತ್ರ ಓದಿದೆ. ಎರಡು ಮುಕ್ಕಾಲು ಎಂದಿತ್ತು. ಬಟ್ಟೆ ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕತ್ತರಿ ಕೈಗೆ ತೆಗೆದುಕೊಂಡೆ.

"ಸಾಲತ್ತಾ ಅಂತ ಒಂದ್ಸಲ ಅಳೆದು ನೋಡಲ್ವಾ?" ಎಂದಳು.

"ಬೇಡಮ್ಮ," ಎಂದೆ, "ಅಳೆದಾಗಿದೆ."

ಇತಿ ನಿನ್ನ
ಅಪ್ಪ